ನುಂಗಿದ ಕೆಮ್ಮು

ಬೆಳಿಗ್ಗೆ ಎಂಟಕ್ಕೆ ಹತ್ತಿ ಹಿಂಜುವ ಯಂತ್ರ ಶುರುವಾಯಿತೆಂದರೆ ಆ ಬೀದಿಯವರೆಲ್ಲ ಒಟ್ಟಿಗೆ ಕೆಮ್ಮುತ್ತಿದ್ದರು. ಅದಕ್ಕೆ ಮೊದಲು ಅವರಿಗೆ ಕೆಮ್ಮು ಬರುತ್ತಿರಲಿಲ್ಲವೆಂದಲ್ಲ. ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದರು. ಹಾಸಿಗೆ ಹೊಲಿಯುವವರ ಬೀದಿ ಅದು, ಮುಂದೆ ಅಂಗಡಿ, ಹಿಂದೆ ಮನೆ. ಗಿರಾಕಿ ಬಂದು ಅಂಗೈಯಿಂದ ಹಾಸಿಗೆಯನ್ನು ಒತ್ತಿ ನೋಡುತ್ತಿರುವಾಗ ಒಳಗಿನಿಂದ ಯಾರಾದರೂ ಕೆಮ್ಮಿದರೆ ಆತ ಕೈ ಹಿಂದಕ್ಕೆ ತೆಗೆದುಕೊಂಡು, ಸ್ವಲ್ಪ ಹೊತ್ತು ಬಿಟ್ಟು ಬರುತ್ತೇನೆಂದು ಹೋಗುತ್ತಿದ್ದ. ಹಾಗೆ ಹೋದವರು ಮತ್ತೆ ಬಂದದ್ದಿಲ್ಲ. ಆದ್ದರಿಂದ ಯಂತ್ರ ನಿಂತಿರುವಾಗ ಕೆಮ್ಮಬಾರದು ಎಂಬುದು ಅಲ್ಲಿನ ಕಟ್ಟಳೆ. ಯಾರು ಮಾಡಿದರು, ಯಾವಾಗ ಮಾಡಿದರು ಎಂದು ಯಾರಿಗೂ ಗೊತ್ತಿಲ್ಲ. ಮಕ್ಕಳಿಗೆ ನಡೆಯಲು ಬಂದ ಮೇಲೆ ಕಲಿಸುತ್ತಿದ್ದ ಮೊದಲ ಪಾಠಗಳಲ್ಲಿ ಅದೂ ಒಂದು.

ಬೀದಿಯ ನಡುವಿನ ಹಸಿರು ಬಾಗಿಲ ಮನೆಗೆ ಇಬ್ಬರು ಸೊಸೆಯರು. ಹಿರಿಸೊಸೆ ಅರಳೆ ತುಂಬಿ ದಬ್ಬಣದಲ್ಲಿ ಹಾಸಿಗೆ ಹೊಲಿಯುವುದರಲ್ಲಿ ಗಟ್ಟಿಗಿತ್ತಿ. ಅವಳು ಹಾಕಿದ ಗಂಟು ಹಾಸಿಗೆ ಹರಿದರೂ ಬಿಚ್ಚುತ್ತಿರಲಿಲ್ಲ. ಕಿರಿಸೊಸೆಗೆ ದಬ್ಬಣ ಹಿಡಿದರೆ ಬೆರಳಿಗೇ ಚುಚ್ಚಿಕೊಳ್ಳುವ ಚಟ. ಆದರೆ ಹತ್ತನೇ ಇಯತ್ತೆ ಪಾಸಾಗಿದ್ದಳು, ಅಕ್ಷರ ದುಂಡಗಿತ್ತು. ಊರಿನಲ್ಲಿ ಯಾರಿಗೆ ಯಾವ ಕಾಯಿಲೆ ಇದೆ, ಯಾರು ಬೀಡಿ ಸೇದುತ್ತಾರೆ, ಯಾರು ಕುಡಿಯುತ್ತಾರೆ, ಹುಷಾರು ತಪ್ಪಿದರೆ ಎಲ್ಲಿಗೆ ಹೋಗುತ್ತಾರೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವ ಆರೋಗ್ಯ ಸರ್ವೆಗೆ ಜನ ಬೇಕಾದಾಗ ಅವಳನ್ನು ತೆಗೆದುಕೊಂಡಿದ್ದರು. ಅಂದಿನಿಂದ ಅವಳಿಗೆ ಬೀದಿಯವರು ಇಟ್ಟ ಹೆಸರು ಪ್ರಶ್ನೆಯಮ್ಮ.

ಸರ್ವೆಯ ಹಾಳೆ ಅಗಲವಾಗಿತ್ತು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಸಾಲು. ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು ಇದೆಯೇ, ಸಂಜೆಯ ಹೊತ್ತು ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ ಎಂದೆಲ್ಲ ಕೇಳಿ, ಕೊನೆಯ ಕಾಲಮ್ಮಿನಲ್ಲಿ 'ಉತ್ತರ ಕೊಟ್ಟವರು' ಎಂದಿದ್ದ ಕಡೆ 'ಸ್ವತಃ' ಅಥವಾ 'ಬೇರೆಯವರು' ಎಂದು ಬರೆಯಬೇಕು. ಯಾರ ಮೈಯಿನ ಪ್ರಶ್ನೆಯೋ ಅವರ ಬಾಯಿಂದಲೇ ಉತ್ತರ ಬರಬೇಕೆಂದು ಸರ್ವೆಯ ಡಾಕ್ಟರಮ್ಮ ತರಬೇತಿಯ ಮೂರು ದಿನವೂ ಹೇಳಿದ್ದರು. ಹೇಳುವುದು ಸುಲಭ. ಮನೆಯ ಹಿರಿಯರು ಇರುವಾಗ ಬೇರೆಯವರು ಬಾಯಿ ಬಿಡುವುದುಂಟೇ?

ಒಂದು ಮನೆಯಲ್ಲಿ ಮುದುಕರೊಬ್ಬರು ಪಕ್ಕದಲ್ಲೇ ಕೂತಿದ್ದ ಹೆಂಡತಿಯ ಬಗ್ಗೆ, "ಅವಳಿಗೇನು, ಕಲ್ಲು ಕಲ್ಲಾಗಿದ್ದಾಳೆ, ಬರ್ಕೊಳ್ಳಮ್ಮ" ಎಂದರು. ಹೆಂಡತಿ ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಒರಗಿದ್ದಳು. ಇನ್ನೊಂದು ಮನೆಯಲ್ಲಿ ಕುಡಿತದ ಪ್ರಶ್ನೆ ಬಂದಾಗ ತಂದೆ ಎದೆ ಸೆಟೆಸಿ, "ನನ್ನ ಮಗ ನೀರು ಬಿಟ್ರೆ ಬೇರೇನೂ ಮುಟ್ಟಲ್ಲ" ಎಂದ. ಮೂವತ್ತು ದಾಟಿದ ಮಗ ಬಾಗಿಲ ಸಂದಿಯಿಂದ ಕೆಂಗಣ್ಣು ಬಿಟ್ಟುಕೊಂಡು ನೋಡುತ್ತಿದ್ದ, ನಗು ತಡೆಯಲಾರದೆ ಪ್ರಶ್ನೆಯಮ್ಮನ ಸರ್ವೆಯ ಜೊತೆಗಾತಿ ಚೀಲದಲ್ಲಿ ಏನೋ ಹುಡುಕುವ ನೆಪ ಮಾಡಿದಳು. ಬೀದಿಗೆ ಬಂದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವ ವಿಷಯ ಅದಾಗಿರಲಿಲ್ಲ. ಆದರೆ ದಿನಕ್ಕೆ ಇಪ್ಪತ್ತು ಮನೆ ಮುಗಿಯಬೇಕಿತ್ತು. ಒಬ್ಬರೇ ಎಲ್ಲರ ಪರವಾಗಿ ಗಡಗಡನೆ ಹೇಳಿಬಿಟ್ಟರೆ ಒಂದು ಮನೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಹಸಿರು ಬಾಗಿಲ ಮನೆಯ ಸರದಿ ಬಂದ ದಿನ ಜೊತೆಗಾತಿಗೆ ಹಲ್ಲುನೋವು, ರಜೆ ಹಾಕಿದ್ದಳು. ಸ್ವಂತ ಮನೆಯ ಹಾಳೆಯನ್ನು ಸ್ವಂತ ಕೈಯಿಂದ ತುಂಬಬಾರದೆಂಬ ನಿಯಮವಿತ್ತು. ಆದರೂ ನಮ್ಮ ಮನೆ ತಾನೇ, ಎಲ್ಲ ಗೊತ್ತಿರುವುದೇ ಎಂದುಕೊಂಡು ಪ್ರಶ್ನೆಯಮ್ಮ ಕೂತಳು. ಗೊತ್ತಿದ್ದರಿಂದಲೇ ಅನಾಹುತವಾಯಿತು.

ಯಂತ್ರ ನಿಂತಿತ್ತು. ಭಾವ, ಅಂದರೆ ಹಿರಿಸೊಸೆಯ ಗಂಡ, ಅದರ ಹಲ್ಲುಗಳಿಗೆ ಸಿಕ್ಕಿದ್ದ ಹತ್ತಿಯ ಎಳೆಗಳನ್ನು ಕೀಳುತ್ತಿದ್ದ. ಅತ್ತೆ ಅರಳೆಯ ಮೂಟೆಗೆ ಒರಗಿ ಕೂತಿದ್ದರು. ಹಿರಿಸೊಸೆ ನೆಲದ ಮೇಲೆ ಹಾಸಿಗೆ ಹರಡಿಕೊಂಡು ಮೂಲೆ ಹೊಲಿಯುತ್ತಿದ್ದಳು.

"ಮನೇಲಿ ಯಾರಿಗಾದ್ರೂ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯಾ ಅತ್ತೆ?"

"ಇದೇನು ಹೊಸದಾಗಿ ಕೇಳ್ತೀಯ? ಇದೇ ಮನೇಲಿ ತಾನೇ ಉಣ್ಣೋದು ನೀನೂ? ಇಲ್ಲ ಅಂತ ಬರಿ."

"ಅಕ್ಕನಿಗೆ ಮೂರು ತಿಂಗಳಿಂದ..."

"ಅದು ಹತ್ತಿ ಕೆಮ್ಮು. ಕಾಯಿಲೆ ಅಲ್ಲ. ಮಸಿ ಕೆಲಸ ಮಾಡೋರ ಕೈಗೆ ಮಸಿ ಹತ್ತುತ್ತೆ, ನಮಗೆ ಕೆಮ್ಮು ಹತ್ತುತ್ತೆ. ನಿಮ್ಮ ಮಾವನಿಗಿರಲಿಲ್ವಾ?"

ಮಾವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೊನೆಯ ವರ್ಷ ಅವರು ಕೆಮ್ಮಿ ಕೆಮ್ಮಿ ಕಡ್ಡಿಯಾಗಿದ್ದು ಬೀದಿಗೆಲ್ಲ ಗೊತ್ತು. ಹತ್ತಿ ದಮ್ಮು ಎಂದರು, ಮುಗಿಯಿತು.

"ಸುಮ್ನೆ ಕೇಳು ಇಲ್ಲಿ," ಅತ್ತೆ ದನಿ ತಗ್ಗಿಸಿದರು. "ದೊಡ್ಡಾಸ್ಪತ್ರೆಯವರು ಹೊಸ ವಾರ್ಡಿಗೆ ಎಂಬತ್ತು ಹಾಸಿಗೆ ಕೇಳಿದ್ದಾರೆ. ಈ ಮನೇಲಿ ಕೆಮ್ಮಿದೆ ಅಂತ ನಿನ್ನ ಕಾಗದ ಅವರ ಕಣ್ಣಿಗೆ ಬಿದ್ರೆ? ಕೆಮ್ಮೋರ ಹಾಸಿಗೆ ಮೇಲೆ ಯಾರು ಮಲಗ್ತಾರೆ ಹೇಳು."

ಪ್ರಶ್ನೆಯಮ್ಮ ಹಿರಿಸೊಸೆಯ ಕಡೆ ನೋಡಿದಳು. ಓರಗಿತ್ತಿಯಾದರೂ ಮದುವೆಯಾಗಿ ಬಂದ ದಿನದಿಂದ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು; ಚುಚ್ಚಿಕೊಂಡ ಬೆರಳಿಗೆಲ್ಲ ಬಟ್ಟೆ ಸುತ್ತಿದವಳು ಅವಳೇ. ಅಕ್ಕ ದಬ್ಬಣವನ್ನು ತುಟಿಗಳ ನಡುವೆ ಕಚ್ಚಿ ಹಿಡಿದಿದ್ದಳು. ಗಂಟಲು ಎರಡು ಸಲ ಮೇಲೆ ಹೋಗಿ ಕೆಳಗಿಳಿಯಿತು. ನುಂಗುತ್ತಿದ್ದಳು. ಆಮೇಲೆ ಮೆಲ್ಲಗೆ ತಲೆ ಅಲ್ಲಾಡಿಸಿದಳು, ಬೇಡ ಎಂಬಂತೆ.

ಪ್ರಶ್ನೆಯಮ್ಮ 'ಇಲ್ಲ' ಎಂದು ಬರೆದಳು. ಅಷ್ಟಕ್ಕೇ ನಿಲ್ಲಲಿಲ್ಲ. ಕೊನೆಯ ಕಾಲಮ್ಮಿನಲ್ಲಿ 'ಬೇರೆಯವರು' ಎಂದು ಬರೆದರೆ ಆಫೀಸಿನಲ್ಲಿ ನೂರೆಂಟು ಕೇಳುತ್ತಾರೆಂದು, ಅಕ್ಕನ ಸಾಲಿನಲ್ಲಿ 'ಸ್ವತಃ' ಎಂದು ದುಂಡಗೆ ಬರೆದು ಹಾಳೆ ಮಡಚಿದಳು.

ಆ ಹಾಳೆ ಚೀಲಕ್ಕೆ ಹೋದ ಗಳಿಗೆಯಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಪಾತ್ರೆ ತೊಳೆಯಲು ಹೋಗಿ ತೊಳೆದದ್ದನ್ನೇ ಮತ್ತೆ ತೊಳೆದಳು. ಬೀದಿಯ ಕೊನೆಯವರೆಗೆ ಹೋಗಿ ಏಕೆ ಬಂದೆನೆಂದು ಮರೆತು ವಾಪಸ್ಸಾದಳು. ಯಂತ್ರ ಶುರುವಾದರೆ ಕಿವಿ ಅಕ್ಕನ ಕಡೆಗೇ. ಎಲ್ಲರ ಕೆಮ್ಮಿನ ನಡುವೆ ಅವಳ ಕೆಮ್ಮು ಬೇರೆಯಾಗಿ ಕೇಳುತ್ತಿತ್ತು, ಆಳದಿಂದ ಏನನ್ನೋ ಕಿತ್ತು ತರುವ ಹಾಗೆ. ಇಷ್ಟು ದಿನ ಅದು ಕೇಳಿಸಿರಲಿಲ್ಲವೇ? ಕೇಳಿಸಿತ್ತು. ಆದರೆ ಕಾಗದದ ಮೇಲೆ ಸುಳ್ಳು ಬರೆದ ಮೇಲೆ ಬೇರೆ ಥರ ಕೇಳಿಸತೊಡಗಿತು.

ಹದಿನೈದು ದಿನ ಬಿಟ್ಟು ಆಫೀಸಿನಲ್ಲಿ ಸಭೆ. ಗೋಡೆಯ ಮೇಲೆ ಊರಿನ ನಕ್ಷೆ, ಕೆಮ್ಮಿದ್ದ ಮನೆಗೊಂದು ಕೆಂಪು ಚುಕ್ಕೆ. ಕುಂಬಾರರ ಬೀದಿಯಲ್ಲಿ ಒಂಬತ್ತು, ಮಾರುಕಟ್ಟೆ ಹಿಂದೆ ಹನ್ನೊಂದು. ಹಾಸಿಗೆ ಬೀದಿ ಬೆಳ್ಳಗಿತ್ತು. ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿಕೊಂಡು ಆ ಬಿಳಿ ಜಾಗದ ಮೇಲೆ ಬೆರಳಿಟ್ಟರು. ಗಿಡ್ಡಗಿನ ಹೆಂಗಸು, ದನಿ ಮಾತ್ರ ದೊಡ್ಡದು.

"ಅರವತ್ತೆರಡು ಮನೆ. ದಿನವಿಡೀ ಹತ್ತಿ ದೂಳು. ಒಬ್ಬರಿಗೂ ಕೆಮ್ಮಿಲ್ಲ. ಇದನ್ನ ಯಾರಾದ್ರೂ ನಂಬ್ತೀರಾ?"

ಪ್ರಶ್ನೆಯಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಳು.

"ಮನೆಗೆ ಒಬ್ಬರೇ ಎಲ್ಲರ ಪರವಾಗಿ ಹೇಳಿದ್ದಾರೆ. ನಾವು ಎಣಿಸಿರೋದು ರೋಗ ಅಲ್ಲ, ಹಿರಿಯರ ಮಾತು. ಆದ್ರೆ ಏನು ಮಾಡ್ಲಿ? ಎಕ್ಸ್‌ರೇ ಗಾಡಿ ಇರೋದು ಒಂದೇ. ಚುಕ್ಕೆ ಇರೋ ಕಡೆ ಮೊದಲು ಹೋಗ್ಬೇಕು ಅಂತ ಮೇಲಿನಿಂದ ಆದೇಶ. ಈ ಬೀದೀನ ಮುಂದಿನ ಸುತ್ತಲ್ಲಿ ಮತ್ತೆ ಕೇಳೋಣ."

ಮುಂದಿನ ಸುತ್ತೆಂದರೆ ಒಂದೂವರೆ ತಿಂಗಳು. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಊರಿಗೆಲ್ಲ ಪ್ರಶ್ನೆ ಕೇಳುವ ಪ್ರಶ್ನೆಯಮ್ಮ ಉತ್ತರ ಹೇಳುವ ಸರದಿ ಬಂದಾಗ ತಾನೂ ನುಂಗಿಕೊಂಡಳು.

ಅದಾದ ನಾಲ್ಕನೆಯ ದಿನ ಬಟ್ಟೆ ಒಗೆಯಲೆಂದು ಮನೆಯ ದಿಂಬುಗಳ ಗವಸು ಬಿಚ್ಚುತ್ತಿದ್ದಳು. ಅಕ್ಕನ ದಿಂಬು ಕೈಗೆ ಭಾರವಾಗಿ ಸಿಕ್ಕಿತು. ಒಂದು ಬದಿಯ ಹೊಲಿಗೆ ಸಡಿಲವಾಗಿತ್ತು, ಅದೂ ಗಂಟು ಬಿಚ್ಚದ ಕೈಯವಳ ದಿಂಬಿನಲ್ಲಿ. ಬೆರಳು ತೂರಿಸಿದಳು. ಅರಳೆಯ ನಡುವೆ ಗಟ್ಟಿ ಉಂಡೆಗಳು ಸಿಕ್ಕವು. ಹೊರಗೆ ತೆಗೆದು ನೋಡಿದರೆ ಹತ್ತಿಯೇ, ಒಣಗಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಒಂದಲ್ಲ, ಇಪ್ಪತ್ತಕ್ಕೂ ಹೆಚ್ಚು.

ಕೆಮ್ಮಿದ ರಕ್ತ ಒರೆಸಿದ ಹತ್ತಿ. ಹಿಂದೆ ತಿರುಗಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಗಿರಾಕಿ ಹಾಸಿಗೆಗೆ ಒಂದೆಳೆ ಕೂಡ ಹಾಕಿಲ್ಲ ಕಣೇ," ಅಂದಳು ಅಕ್ಕ. ಮೊದಲು ಬಂದ ಮಾತು ಅದು. "ಎಲ್ಲಾ ನನ್ನ ದಿಂಬಿಗೇ ಹಾಕ್ಕೊಂಡಿದ್ದೀನಿ. ಹೊರಗೆ ಎಸೆದ್ರೆ ಯಾರಾದ್ರೂ ನೋಡ್ತಾರೆ."

"ಎಷ್ಟು ದಿನದಿಂದ?"

"ಒಂದು ತಿಂಗಳಾಯ್ತೇನೋ. ದಿನಾ ಬರಲ್ಲ. ಮಾತ್ರೆ ಅಂಗಡಿಯವನ ಹತ್ರ ತಗೋತಾನೇ ಇದ್ದೀನಿ. ಮೂರು ದಿನದ್ದು ಕೊಡ್ತಾನೆ, ಕಡಿಮೆ ಆಗುತ್ತೆ. ಮತ್ತೆ ಬರುತ್ತೆ, ಮತ್ತೆ ಕೊಡ್ತಾನೆ."

"ನಾಳೆನೇ ಆಸ್ಪತ್ರೆಗೆ ಹೋಗೋಣ ಅಕ್ಕ. ಯಾರಿಗೂ ಹೇಳೋದೇ ಬೇಡ."

ಅಕ್ಕ ನಕ್ಕಳು. ನಗುವಾಗ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. "ಅವರಿಗೆ ಹಾಸಿಗೆ ಹೊಲಿಯೋಳು ಅವರ ಬಾಗಿಲಲ್ಲೇ ಸಾಲು ನಿಂತ್ರೆ ಚೆನ್ನಾಗಿರುತ್ತಾ? ಎಂಬತ್ತು ಹೋಗಿಬಿಡಲಿ. ಆಮೇಲೆ ನೀನು ಎಲ್ಲಿಗೆ ಕರೆದ್ರೂ ಬರ್ತೀನಿ, ಸರೀನಾ? ಪುಟ್ಟಿ ಮೇಲಾಣೆ, ಅತ್ತೆಗೆ ಹೇಳ್ಬೇಡ."

ಪುಟ್ಟಿ ಅವಳ ಆರು ವರ್ಷದ ಮಗಳು. ರಾತ್ರಿ ತಾಯಿಯ ಕತ್ತಿನೊಳಗೆ ಮುಖ ಇಟ್ಟೇ ಮಲಗುವವಳು. ಅವಳ ಮೇಲೆ ಆಣೆ ಹಾಕಿಸಿಕೊಂಡ ಮೇಲೆ ಪ್ರಶ್ನೆಯಮ್ಮ ಏನು ಮಾಡಿಯಾಳು? ಗಂಡನಿಗೆ ಹೇಳಿದಳು. ಗಂಡ ಒಳ್ಳೆಯವನೇ. ಒಳ್ಳೆಯವರೆಲ್ಲ ಹೇಳುವುದನ್ನೇ ಅವನೂ ಹೇಳಿದ: "ಹನ್ನೆರಡು ದಿನ ಅಷ್ಟೇ ಅಲ್ವಾ? ಲೋಡು ಹೋದ ಮಾರನೇ ದಿನ ನಾನೇ ಕರ್ಕೊಂಡು ಹೋಗ್ತೀನಿ."

ಹನ್ನೆರಡು ದಿನಕ್ಕೆ ಎಷ್ಟು ಗಂಟೆ, ಗಂಟೆಗೆ ಎಷ್ಟು ಕೆಮ್ಮು ಎಂದು ಅವಳ ತಲೆ ಲೆಕ್ಕ ಹಾಕುತ್ತಲೇ ಇತ್ತು. ಯಾರದೋ ಮನೆಯಲ್ಲಿ ಹಾಳೆ ಬಿಡಿಸಿ ಕೂತರೆ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುತ್ತಿದ್ದಳು. "ನಿನಗೇ ಜ್ವರ ಇದ್ದಂಗಿದೆಯಲ್ಲೇ," ಎಂದು ಜೊತೆಗಾತಿ ಹಣೆ ಮುಟ್ಟಿ ನೋಡಿದಳು. ಎಂಟು ದಿನ ತಡೆದಳು. ಒಂಬತ್ತನೆಯ ದಿನ ಊಟದ ಡಬ್ಬಿ ಬಿಚ್ಚಿ, ತುತ್ತು ಬಾಯಿಗಿಡಲಾಗದೆ, ಹಾಗೇ ಮುಚ್ಚಿಟ್ಟು ಡಾಕ್ಟರಮ್ಮನ ಕೋಣೆಗೆ ಹೋದಳು. ನಿಂತುಕೊಂಡೇ ಎಲ್ಲ ಹೇಳಿದಳು: ಹಾಳೆ, 'ಇಲ್ಲ', 'ಸ್ವತಃ', ದಿಂಬು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ನಿನ್ನ ಬೀದಿ ಪಾಲಿನ ಗಾಡಿ ಈಗ ಕುಂಬಾರರ ಬೀದೀಲಿ ನಿಂತಿದೆ," ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿಕೊಂಡರು. "ನಡಿ, ಮನೆ ತೋರಿಸು."

ಹಸಿರು ಬಾಗಿಲ ಮನೆಯಲ್ಲಿ ಅರವತ್ತಾರನೆಯ ಹಾಸಿಗೆ ನಡೆಯುತ್ತಿತ್ತು. ಹೊರಗಿನವರು ಬಂದರೆಂದು ಭಾವ ಯಂತ್ರ ನಿಲ್ಲಿಸಿದ. ಕೂಡಲೇ ಮನೆಯಿಡೀ ಗಪ್‌ಚಿಪ್. ಅತ್ತೆ ಎದ್ದು ಮಣೆ ಹಾಕಿದರು, ನೀರು ತರಿಸಿದರು, ಮರ್ಯಾದೆಯಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆಯಿಲ್ಲ. ಡಾಕ್ಟರಮ್ಮ ಮಣೆ ಬಿಟ್ಟು ನೆಲದ ಮೇಲೆ, ಹಿರಿಸೊಸೆಯ ಎದುರು ಕೂತರು.

"ನಿಮಗೆ ಕೆಮ್ಮು ಇದೆಯಾ ಅಮ್ಮ?"

"ಅವಳಿಗೇನೂ ಇಲ್ಲ," ಅಂದರು ಅತ್ತೆ.

"ಅವರನ್ನ ಕೇಳಿದೆ."

ಹಿರಿಸೊಸೆ ಅತ್ತೆಯ ಮುಖ ನೋಡಿದಳು. ದಬ್ಬಣವನ್ನು ತುಟಿಯಿಂದ ತೆಗೆದಳು. "ಇಲ್ಲ," ಅಂದಳು.

ಈ ಸಲ ಅದು ಅವಳ ಬಾಯಿಂದಲೇ ಬಂದ ಉತ್ತರ. ಡಾಕ್ಟರಮ್ಮ ಸುತ್ತ ಕಣ್ಣಾಡಿಸಿದರು. ನಾಲ್ಕು ಜನ, ನಾಲ್ಕು ಬಿಗಿದ ಕೊರಳು. ಭಾವನ ಕಡೆ ತಿರುಗಿ, "ನಿಮ್ಮ ಕೆಲಸ ಯಾಕೆ ಕೆಡಿಸ್ಲಿ? ಯಂತ್ರ ಹಾಕಿ," ಅಂದರು.

ಯಂತ್ರ ಗುರ್ರೆಂದಿತು. ಅರೆಗಳಿಗೆಯೂ ಆಗಿರಲಿಲ್ಲ, ಕಟ್ಟೆ ಒಡೆದಂತೆ ಎಲ್ಲರೂ ಕೆಮ್ಮತೊಡಗಿದರು. ಭಾವ ಗೋಡೆಗೆ ಮುಖ ಮಾಡಿ ಕೆಮ್ಮಿದ. ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಹಿರಿಸೊಸೆ ಎರಡೂ ಕೈ ನೆಲಕ್ಕೂರಿ, ತಲೆ ಕೆಳಗೆ ಹಾಕಿ, ಉಸಿರಿಗೆ ಜಾಗ ಸಿಗದೆ ಒದ್ದಾಡಿದಳು. ಡಾಕ್ಟರಮ್ಮ ಕೈ ಎತ್ತಿದ ಮೇಲೆ ಯಂತ್ರ ನಿಂತಿತು.

"ನೋಡಿದ್ರಾ, ಇದು ಹತ್ತಿ ಕೆಮ್ಮು," ಅಂದರು ಅತ್ತೆ, ಗೆದ್ದವರ ಹಾಗೆ. "ಯಂತ್ರ ಹಾಕಿದ್ರೆ ಬರುತ್ತೆ, ನಿಲ್ಲಿಸಿದ್ರೆ ಹೋಗುತ್ತೆ."

"ಇರಬಹುದಮ್ಮ. ದೂಳಿಗೂ ಕೆಮ್ಮು ಬರುತ್ತೆ, ಕ್ಷಯಕ್ಕೂ ಬರುತ್ತೆ. ಕಿವೀಲಿ ಕೇಳಿ ಯಾವುದು ಯಾವುದು ಅಂತ ನನಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ. ಕಫ ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ." ಕೈಚೀಲದಿಂದ ಮುಚ್ಚಳವಿದ್ದ ಪುಟ್ಟ ಡಬ್ಬಿ ತೆಗೆದು ಹಿರಿಸೊಸೆಯ ಕೈಗಿಟ್ಟರು. "ಬೆಳಿಗ್ಗೆ ಎದ್ದ ಕೂಡಲೇ ಇದರೊಳಗೆ ಉಗುಳಿ ಕೊಡಿ. ಕ್ಷಯ ಅಂತಾದ್ರೆ ಆರು ತಿಂಗಳು ಮಾತ್ರೆ. ದುಡ್ಡು ಕೊಡೋ ಹಾಗಿಲ್ಲ. ವಾಸಿಯಾಗುತ್ತೆ. ಮೂರು ಮೂರು ದಿನ ನುಂಗೋ ಮಾತ್ರೆ ವಾಸಿ ಮಾಡಲ್ಲ, ಮರೆಸುತ್ತೆ ಅಷ್ಟೇ."

"ಕ್ಷಯ ಅನ್ನೋ ಮಾತು ಈ ಹೊಸ್ತಿಲೊಳಗೆ ಆಡ್ಬೇಡಿ," ಅಂದರು ಅತ್ತೆ. "ಹಾಸಿಗೆಯಿಂದ ಊರಿಗೆಲ್ಲ ಹರಡ್ತಾರೆ ಅಂತಾರೆ. ಆಮೇಲೆ ನಾವು ಮಣ್ಣು ತಿನ್ಬೇಕಾ?"

"ಹಾಸಿಗೆಯಿಂದ ಹರಡಲ್ಲ. ಕೆಮ್ಮಿದಾಗ ಗಾಳೀಲಿ ಹರಡುತ್ತೆ, ಮುಚ್ಚಿದ ಕೋಣೇಲಿ ಜೊತೆಗಿರೋರಿಗೆ. ಗಿರಾಕಿ ಬಗ್ಗೆ ಹೆದರ್ತಿದ್ದೀರಿ. ಹೆದರಬೇಕಾದ್ದು ಈ ಮಗು ಬಗ್ಗೆ." ಪುಟ್ಟಿ ಕಂಬ ಹಿಡಿದುಕೊಂಡು ನಿಂತಿದ್ದಳು.

ಅತ್ತೆಯೂ ಕೆಟ್ಟವರಲ್ಲ. ಗಂಡನನ್ನು ಕಳೆದುಕೊಂಡು, ಅಂಗಡಿಯನ್ನು ಹಲ್ಲುಕಚ್ಚಿ ಹಿಡಿದು ನಿಲ್ಲಿಸಿದವರು. ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ಅನಿಸುತ್ತಿರಲಿಲ್ಲ, ಮನೆ ಕಾಯುತ್ತಿದ್ದೇನೆಂದೇ ಅನಿಸುತ್ತಿತ್ತು. "ಇನ್ನು ಮೂರು ದಿನ ತಾಯಿ. ಲೋಡು ಹೋಗಲಿ. ಆಮೇಲೆ ನಾನೇ ಉಗುಳಿಸಿ ಕಳಿಸ್ತೀನಿ," ಅಂದರು. ಡಾಕ್ಟರಮ್ಮ ಹೋದ ಮೇಲೆ ಡಬ್ಬಿಯನ್ನು ಒರೆಸಿ ಅಟ್ಟದ ಮೇಲಿಟ್ಟರು.

ಪ್ರಶ್ನೆಯಮ್ಮ ಅದನ್ನು ಅಟ್ಟದಿಂದ ಇಳಿಸಿ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಮತ್ತೆ ಮೇಲಿಟ್ಟಳು. ಮಾರನೆಯ ದಿನವೂ ಹೀಗೇ ಆಯಿತು. ಮೂರು ದಿನದ ಮಾತು ತಾನೇ ಎಂದು ಎಲ್ಲರೂ ಹೇಳಿದರು.

ಮೂರನೆಯ ದಿನ ಮಧ್ಯಾಹ್ನ ಗಾಡಿಗೆ ಹಾಸಿಗೆ ಏರಿಸುತ್ತಿದ್ದರು. ಎಪ್ಪತ್ತೆಂಟು ಏರಿತ್ತು. ಎಪ್ಪತ್ತೊಂಬತ್ತನೆಯದರ ಒಂದು ತುದಿ ಹಿಡಿದಿದ್ದ ಹಿರಿಸೊಸೆ ಬೀದಿಯ ನಡುವೆ ನಿಂತುಬಿಟ್ಟಳು. ಯಂತ್ರ ನಿಂತಿತ್ತು. ಗಾಡಿಯವನಿದ್ದ, ಎದುರಂಗಡಿಯ ಗಿರಾಕಿಗಳಿದ್ದರು. ಅವಳು ಒಂದು ಸಲ ನುಂಗಿದಳು, ಎರಡು ಸಲ ನುಂಗಿದಳು. ಮೂರನೆಯ ಸಲ ನುಂಗಲಾಗಲಿಲ್ಲ. ಬಾಯಿಗೆ ಅಡ್ಡ ಹಿಡಿದ ಕೈಯ ಬೆರಳುಗಳ ಸಂದಿಯಿಂದ ರಕ್ತ ಮೊಣಕೈವರೆಗೆ ಇಳಿಯಿತು. ಅಷ್ಟಾದರೂ ಹಾಸಿಗೆಗೆ ತಾಗದಂತೆ ಪಕ್ಕಕ್ಕೆ ಸರಿದು ಕೂತಳು. ಭಾವ ಅವಳನ್ನು ಎತ್ತಿಕೊಂಡು ಅದೇ ಗಾಡಿಗೆ ಹತ್ತಿದ. ಹಾಸಿಗೆಗಳ ಜೊತೆಗೇ ಅವಳೂ ಆಸ್ಪತ್ರೆ ಸೇರಿದಳು.

ಹೊಸ ವಾರ್ಡಿನಲ್ಲಿ ಮಲಗಿಸಿದರು. ಮೂಗಿಗೆ ನಳಿಕೆ, ಕೈಗೆ ಸೂಜಿ. ಮಾರನೆಯ ದಿನ ಪ್ರಶ್ನೆಯಮ್ಮ ಹೋದಾಗ ಅಕ್ಕನ ಕೈ ಹಾಸಿಗೆಯ ಅಂಚನ್ನು ತಡವುತ್ತಿತ್ತು. ಮೂಲೆಯ ಗಂಟು ಸಿಕ್ಕಿದ ಮೇಲೆ ನಿಂತಿತು.

"ನಂದೇ," ಅಂದಳು, ಒಂದಿಷ್ಟು ಹೆಮ್ಮೆಯಿಂದ. ಆಮೇಲೆ, "ಪುಟ್ಟಿಗೆ ಊಟ ಹಾಕಿದ್ಯಾ?"

"ಹಾಕಿದೆ ಅಕ್ಕ."

"ಅತ್ತೆ ಏನಂದ್ರು?"

ಆಸ್ಪತ್ರೆಯ ಹಾಸಿಗೆಯಲ್ಲಿ, ನಳಿಕೆ ಹಾಕಿಕೊಂಡು, ಅವಳಿಗೆ ತಿಳಿಯಬೇಕಿದ್ದುದು ಅದು. ಪ್ರಶ್ನೆಯಮ್ಮ ಅವಳ ಪಾದ ಒತ್ತುತ್ತ ಕೂತಳು. ಆ ದಿನ ಸಂಜೆ ಬೆಳಕಿರುವಾಗಲೇ ಮತ್ತೆ ರಕ್ತ ಬಂತು. ನರ್ಸುಗಳು ಓಡಿ ಬಂದರು, ಪರದೆ ಎಳೆದರು. ಸ್ವಲ್ಪ ಹೊತ್ತಿಗೆಲ್ಲ ಪರದೆ ತೆಗೆದರು. ಅಕ್ಕನಿಗೆ ಇಪ್ಪತ್ತೊಂಬತ್ತು ವರ್ಷ. ಕಾಗದದಲ್ಲಿ ಕ್ಷಯ ಎಂದು ಬರೆದಿತ್ತು. ಒಂದು ತಿಂಗಳ ಮೊದಲು ಬಂದಿದ್ದರೆ ಮಾತ್ರೆಯಲ್ಲೇ ಹೋಗುತ್ತಿತ್ತು ಎಂದು ಅಲ್ಲಿನ ವೈದ್ಯ ಹೇಳಿದ. ಅವನು ಹೇಳದಿದ್ದರೂ ಪ್ರಶ್ನೆಯಮ್ಮನಿಗೆ ಗೊತ್ತಿತ್ತು.

ಎಂಟು ದಿನವಾದ ಮೇಲೆ ಜೊತೆಗಾತಿ ಅಗಲದ ಹಾಳೆ ಹಿಡಿದು ಹಸಿರು ಬಾಗಿಲು ತಟ್ಟಿದಳು. ಕ್ಷಯದಿಂದ ಸತ್ತವರ ಮನೆಯಲ್ಲಿ ಉಳಿದವರನ್ನೆಲ್ಲ ಕೇಳಿ, ಪರೀಕ್ಷೆ ಮಾಡಿಸಬೇಕು. ಯಂತ್ರ ಅಂದಿನಿಂದ ಶುರುವಾಗಿರಲಿಲ್ಲ. ಎಲ್ಲರೂ ನಡುಮನೆಯಲ್ಲಿ ಕೂತಿದ್ದರು. ಜೊತೆಗಾತಿ ಮೊದಲ ಪ್ರಶ್ನೆ ಕೇಳಿದಳು. ಭಾವ ನೆಲ ನೋಡುತ್ತಾ, "ಅಮ್ಮನ್ನ ಕೇಳಿ," ಅಂದ. ಗಂಡನೂ ತಾಯಿಯ ಕಡೆ ನೋಡಿದ.

"ನಮ್ಮನೇಲಿ ಯಾರಿಗೂ..." ಎಂದು ಅತ್ತೆ ಶುರು ಮಾಡಿದರು, ಅಭ್ಯಾಸಬಲದಿಂದ.

ಪ್ರಶ್ನೆಯಮ್ಮ ಎದ್ದು ನಿಂತಳು. ಮದುವೆಯಾದಾಗಿನಿಂದ ಅತ್ತೆಯ ಮಾತಿನ ನಡುವೆ ಬಾಯಿ ಹಾಕಿದವಳಲ್ಲ.

"ನಿಲ್ಲಿ ಅತ್ತೆ. ಹಿಂದಿನ ಸಲ ಇದೇ ಜಾಗದಲ್ಲಿ ಕೂತು ನೀವು ಹೇಳಿದ್ರಿ, ನಾನು ಬರೆದೆ. ಅಕ್ಕನಿಗೆ ಕೆಮ್ಮಿಲ್ಲ ಅಂತ ಬರೆದೆ. ಅವಳೇ ಹೇಳಿದ್ಳು ಅಂತಾನೂ ಬರೆದೆ. ಆ ಕಾಗದ ನೋಡಿ ಗಾಡಿ ಬೇರೆ ಬೀದಿಗೆ ಹೋಯ್ತು. ಅವಳನ್ನ ಕೊಂದಿದ್ದು ಬರೀ ಕಾಯಿಲೆ ಅಲ್ಲ, ನನ್ನ ಅಕ್ಷರವೂ ಹೌದು. ಇನ್ನು ಈ ಮನೇಲಿ ಯಾರ ಉತ್ತರವನ್ನೂ ಯಾರೂ ಹೇಳೋ ಹಾಗಿಲ್ಲ. ನೀವೂ ಇಲ್ಲ, ನಾನೂ ಇಲ್ಲ."

ಭಾವ ಮುಖ ಮುಚ್ಚಿಕೊಂಡ. ಅತ್ತೆ ಬೈಯುತ್ತಾರೆಂದು ಎಲ್ಲರೂ ಕಾದರು. ಜೊತೆಗಾತಿ ಹಾಳೆಯ ಕೊನೆಯ ಸಾಲಿಗೆ ಹೋಗಿ, ಕಂಬದ ಹತ್ತಿರ ನಿಂತಿದ್ದ ಪುಟ್ಟಿಯನ್ನು ಮೆಲ್ಲಗೆ ಕೇಳಿದಳು:

"ನಿನಗೆ ಕೆಮ್ಮು ಇದೆಯಾ ಮರಿ?"

ಪುಟ್ಟಿ ಅಜ್ಜಿಯ ಮುಖ ನೋಡಿದಳು.

ತಾಯಿ ನೋಡುತ್ತಿದ್ದ ಹಾಗೆಯೇ ನೋಡಿದಳು. ಕಣ್ಣು ಅರೆ ಎತ್ತಿ, ಯಾವ ಉತ್ತರ ಕೊಡಲಿ ಎಂದು ಕೇಳುವಂತೆ. ಅತ್ತೆ ಆ ನೋಟವನ್ನು ಎಷ್ಟು ವರ್ಷ ಕಂಡಿದ್ದರೋ. ಇವತ್ತು ಮೊದಲ ಸಲ ನೋಡಿದವರಂತೆ ನೋಡಿದರು.

"ನನ್ನ ಮುಖ ನೋಡ್ಬೇಡ ಕಂದ," ಅಂದರು. "ನಿಮ್ಮ ತಾತನಿಗೂ ನಾನೇ ಉತ್ತರ ಹೇಳಿದ್ದೆ. ನಿಮ್ಮಮ್ಮನಿಗೂ ನಾನೇ ಹೇಳ್ದೆ. ಸಾಕು. ನಿನಗೇನಾಗ್ತಿದೆಯೋ ಅದನ್ನ ಹೇಳು."

ಪುಟ್ಟಿ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಇದೆ," ಅಂದಳು. "ಆದ್ರೆ ನನಗೆ ನುಂಗಕ್ಕೆ ಬರುತ್ತೆ. ಅಮ್ಮ ಹೇಳ್ಕೊಟ್ಟಿದ್ದಾಳೆ. ತೋರಿಸ್ಲಾ?"

ಪ್ರಶ್ನೆಯಮ್ಮ ನೆಲಕ್ಕೆ ಕೂತು ಅವಳನ್ನು ಎಳೆದು ಅಪ್ಪಿಕೊಂಡಳು. "ಬೇಡ ಮರಿ. ಕೆಮ್ಮು. ಇಲ್ಲೇ, ಈಗಲೇ, ಜೋರಾಗಿ ಕೆಮ್ಮು."

ಪುಟ್ಟಿ ಕೆಮ್ಮಿದಳು. ನಿಂತ ಯಂತ್ರದ ಮನೆಯಲ್ಲಿ ಆ ಸಣ್ಣ ಕೆಮ್ಮು ಬೀದಿಯವರೆಗೆ ಕೇಳಿಸಿತು. ಎದುರಂಗಡಿಯಲ್ಲಿ ಹಾಸಿಗೆ ಒತ್ತಿ ನೋಡುತ್ತಿದ್ದ ಗಿರಾಕಿ ತಲೆ ಎತ್ತಿ ನೋಡಿದ. ಅತ್ತೆ ಎದ್ದು ಹೋಗಿ ಬಾಗಿಲು ಹಾಕುತ್ತಾರೆಂದು ಎಲ್ಲರೂ ಅಂದುಕೊಂಡರು. ಅವರು ಎದ್ದರು, ಅಟ್ಟದ ಮೇಲಿನ ಡಬ್ಬಿಯನ್ನು ಇಳಿಸಿ ತಂದು ಜೊತೆಗಾತಿಯ ಮುಂದಿಟ್ಟರು.

"ಇಂಥದ್ದು ಇನ್ನೂ ನಾಲ್ಕು ಕೊಡಮ್ಮ," ಅಂದರು. "ನನಗೊಂದು."

ಜೊತೆಗಾತಿ ಪುಟ್ಟಿಯ ಸಾಲಿನ ಕೊನೆಯ ಕಾಲಮ್ಮಿಗೆ ಬಂದು ಪೆನ್ನು ಎತ್ತಿ ಹಿಡಿದಳು. "ಏನು ಬರೀಲಿ?" ಎಂದು ಕಣ್ಣಲ್ಲೇ ಕೇಳಿದಳು.

"ಸ್ವತಃ," ಅಂದಳು ಪ್ರಶ್ನೆಯಮ್ಮ.